ಅಳತೆಯನ್ನು ಅಕ್ಷರಕ್ಕೇ ಬಿಡಿ

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವ ಎಳೆಯ ಪ್ರೋಗ್ರಾಮರುಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಮಿತ್ರರೇ,

ನಿಮ್ಮಲ್ಲಿ ಕೆಲವರು ಬೆಂಗಳೂರಿನ ಯಾವುದೋ ಸಣ್ಣ ಕಂಪನಿಯಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆಯುತ್ತಿದ್ದೀರಿ. ಕೆಲವರು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕುಳಿತು ಸಹಕಾರ ಸಂಘಗಳಿಗೆ, ನರ್ಸಿಂಗ್ ಹೋಮುಗಳಿಗೆ, ಶಾಲೆಗಳಿಗೆ ಪ್ಯಾಕೇಜ್ ಮಾಡಿಕೊಡುತ್ತೀರಿ. ಇನ್ನು ಕೆಲವರು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆಂದು ಜಾವಾದ ಸ್ವಿಂಗ್, ಪೈಥಾನಿನ ಟಿಕಿಂಟರ್, ಸಿ ಶಾರ್ಪಿನ ವಿಂಡೋಸ್ ಫಾರ್ಮ್ಸ್ ಹೀಗೆ ಒಂದಲ್ಲ ಒಂದನ್ನು ಹಿಡಿದಿದ್ದೀರಿ. ನಿಮ್ಮೆಲ್ಲರಲ್ಲಿ ನಾನು ಕೇಳಿಕೊಳ್ಳುವುದು ಒಂದೇ ಮಾತು: ಬಟನ್ನು, ಬರೆಯುವ ಪೆಟ್ಟಿಗೆ, ಕೋಷ್ಟಕದ ಸಾಲು, ಇಡೀ ವಿಂಡೋ, ಇವುಗಳ ಉದ್ದಗಲವನ್ನು ಕೋಡಿನಲ್ಲಿ ಅಂಕಿ ಹಾಕಿ ಕಟ್ಟಿಹಾಕಬೇಡಿ.

ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇ ಎಂದು ನಗಬೇಡಿ. ಬೇರೆಯವರು ಬರೆದು ಬಿಟ್ಟುಹೋದ ತಂತ್ರಾಂಶವನ್ನು ದುರಸ್ತಿ ಮಾಡುವುದು, ಅದು ನಡೆಯುವ ಕಚೇರಿಗಳಿಗೆ ಹೋಗಿ ನೋಡುವುದು ನನ್ನ ವೃತ್ತಿ. ಬಡ್ಡಿಯ ಲೆಕ್ಕ ತಪ್ಪಿದ ಕೋಡು ಸಿಗುವುದು ಅಪರೂಪ. ಡೇಟಾಬೇಸ್ ಸರಿಯಾಗಿರುತ್ತದೆ, ರಸೀದಿ ಸರಿಯಾಗಿ ಅಚ್ಚಾಗುತ್ತದೆ. ಕೆಡುವುದು ಪರದೆಯ ಮೇಲೆ. ಅಲ್ಲಿ ಕೆಟ್ಟದ್ದನ್ನು ಯಾರೂ ದೂರಾಗಿ ಬರೆದು ಕಳಿಸುವುದಿಲ್ಲ, ಅದರೊಂದಿಗೇ ಏಗುತ್ತಾರೆ.

ಒಂದು ಸಹಕಾರ ಸಂಘದ ಕೌಂಟರಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಾಲದ ಕಂತು ಕಟ್ಟಿಸಿಕೊಳ್ಳುವ ಫಾರಂ ಅದು. ಗುಮಾಸ್ತೆ ಸದಸ್ಯರ ಸಂಖ್ಯೆ, ಮೊತ್ತ, ದಿನಾಂಕ, ಷರಾ ಎಲ್ಲ ತುಂಬಿದರು. ಪರದೆಯಲ್ಲಿ ಎಲ್ಲೂ ‘ಉಳಿಸಿ’ ಎಂಬ ಬಟನ್ ಇರಲಿಲ್ಲ. ಆಕೆ ಟ್ಯಾಬ್ ಕೀ ಒತ್ತಿದರು. ಕರ್ಸರ್ ಷರಾ ಪೆಟ್ಟಿಗೆ ಬಿಟ್ಟು ಮಾಯವಾಯಿತು. ಎಂಟರ್ ಒತ್ತಿದರು, ರಸೀದಿ ಬಂತು. ಏನಮ್ಮಾ ಇದು ಎಂದು ಕೇಳಿದೆ. “ಬಟನ್ ಕೆಳಗೆ ಹೋಗ್ಬಿಟ್ಟಿದೆ ಸರ್, ಕಾಣ್ಸಲ್ಲ. ಒಂದು ಟ್ಯಾಬ್ ಹೊಡೆದ್ರೆ ಸೇವ್, ಎರಡು ಹೊಡೆದ್ರೆ ಕ್ಯಾನ್ಸಲ್. ಕ್ಯಾನ್ಸಲ್ ಆದ್ರೆ ಎಲ್ಲಾ ಮೊದಲಿಂದ” ಎಂದರು. ರಜೆಯಲ್ಲಿದ್ದಾಗ ಬದಲಿಗೆ ಬರುವವರಿಗೆಂದು ಲ್ಯಾಪ್‌ಟಾಪಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದರು: “ಷರಾ ಆದಮೇಲೆ 1 ಟ್ಯಾಬ್, ಎಂಟರ್.”

ಹೀಗೇಕಾಯಿತು ನೋಡಿ. ಫಾರಂನ ಎತ್ತರ 700 ಪಿಕ್ಸೆಲ್ ಎಂದು ಕೋಡಿನಲ್ಲಿತ್ತು. ಬರೆದ ಕಾಲಕ್ಕೆ ಸಂಘದಲ್ಲಿದ್ದದ್ದು 1280×1024ರ, ಹೆಚ್ಚುಕಡಿಮೆ ಚೌಕವಾದ ಮಾನಿಟರ್. ಅದರಲ್ಲಿ 700 ಧಾರಾಳವಾಗಿ ಹಿಡಿಯಿತು. ಮುಂದೆ ಮಾನಿಟರ್ ಹೋಗಿ 1366×768ರ ಲ್ಯಾಪ್‌ಟಾಪ್ ಬಂತು. ಎತ್ತರದಲ್ಲಿ 256 ಪಿಕ್ಸೆಲ್ ಕಡಿಮೆಯಾಯಿತು. ಆಗಲೂ ಹೇಗೋ ನಡೆಯುತ್ತಿತ್ತು. ಅಕ್ಷರ ಸಣ್ಣದಾಗಿ ಕಾಣುತ್ತದೆಂದು ಯಾರೋ ವಿಂಡೋಸ್‌ನ ಸ್ಕೇಲಿಂಗನ್ನು 125%ಗೆ ಏರಿಸಿದರು. 700ರ ಫಾರಂ 875 ಆಯಿತು. ಪರದೆ ಇರುವುದೇ 768, ಅದರಲ್ಲೂ ಟಾಸ್ಕ್‌ಬಾರಿನ ಪಾಲು ಬೇರೆ. ವಿಂಡೋದ ಅಂಚು ಹಿಡಿದು ಗಾತ್ರ ಬದಲಿಸಲು ಬಾರದಂತೆ ಬಿಗಿ ಮಾಡಿದ್ದರು, ಸ್ಕ್ರೋಲ್ ಕೊಟ್ಟಿರಲಿಲ್ಲ. ಬಟನ್ನು ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಕಾಣುವ ಜಾಗದಲ್ಲಿ ಮಾತ್ರ ಇರಲಿಲ್ಲ.

ಈ ಸರಣಿಯಲ್ಲಿ ಬಳಕೆದಾರರು ಮಾಡಿದ ತಪ್ಪು ಒಂದೂ ಇಲ್ಲವೆಂಬುದನ್ನು ಗಮನಿಸಿ. ಲ್ಯಾಪ್‌ಟಾಪ್ ಕೊಳ್ಳುವುದು ತಪ್ಪಲ್ಲ. ಚಾಳೀಸು ಬಂದವರು ಅಕ್ಷರ ದೊಡ್ಡದು ಮಾಡಿಕೊಳ್ಳುವುದು ತಪ್ಪಲ್ಲ. ಅದಕ್ಕೆಂದೇ ಆ ಸೌಲಭ್ಯ ಇರುವುದು. ವಿಂಡೋಸ್ ಒಂದು ಅಂಗುಲಕ್ಕೆ 96 ಪಿಕ್ಸೆಲ್ ಎಂದು ಹಿಡಿದುಕೊಂಡು ಬಂದದ್ದು ಬರೀ ಆರಂಭದ ಲೆಕ್ಕ. 125%ರಲ್ಲಿ ಅದು 120, 150%ರಲ್ಲಿ 144. ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಅನೇಕವು ಪೆಟ್ಟಿಗೆಯಿಂದ ತೆಗೆದಾಗಲೇ 125 ಅಥವಾ 150ರಲ್ಲಿರುತ್ತವೆ. ನಿಮ್ಮ 700 ಎಂಬ ಅಂಕಿಗೆ ನಿಮ್ಮ ಮೇಜಿನ ಆಚೆ ಅರ್ಥವಿಲ್ಲ.

ಇದು ಎಲ್ಲ ಭಾಷೆಯವರ ತೊಂದರೆ. ಕನ್ನಡದಲ್ಲಿ ಬರೆಯುವ, ಓದುವ ನಮಗೆ ಇನ್ನೂ ಒಂದು ತೊಂದರೆಯಿದೆ. ಅದನ್ನು ನಾವೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ನಮ್ಮ ಲಿಪಿಯಲ್ಲಿ ಅರ್ಥದ ಒಂದು ದೊಡ್ಡ ಪಾಲು ಸಾಲಿನ ಕೆಳಗಿರುತ್ತದೆ. ಇಂಗ್ಲಿಷಿನಲ್ಲಿ ಸಾಲಿನಿಂದ ಕೆಳಗೆ ಇಳಿಯುವುದು ಕೆಲವೇ ಅಕ್ಷರಗಳ ಬಾಲ. ಅದು ಕತ್ತರಿಸಿಹೋದರೂ ಓದುವವರಿಗೆ ಪದ ತಿಳಿಯುತ್ತದೆ. ಕನ್ನಡದ ಒತ್ತು ಬಾಲವಲ್ಲ, ಅದೇ ಒಂದು ವ್ಯಂಜನ. ಜಾವಾ ಸ್ವಿಂಗ್‌ನ ಜೆಟೇಬಲ್‌ನಲ್ಲಿ ನೀವು ಬೇರೆ ಹೇಳದಿದ್ದರೆ ಸಾಲಿನ ಎತ್ತರ 16 ಪಿಕ್ಸೆಲ್. ಟಿಕಿಂಟರಿನ ಟ್ರೀವ್ಯೂನಲ್ಲಿ, 8.6ನೆಯ ಟಿಕೆ ಆವೃತ್ತಿಯವರೆಗೂ, 20. ಆ 16ರ ಸಾಲಿನಲ್ಲಿ ಸ್ವಲ್ಪ ದೊಡ್ಡ ಅಕ್ಷರದ ಕನ್ನಡ ತುಂಬಿ ನೋಡಿ. ‘ತಿಮ್ಮಪ್ಪ’ ಹೋಗಿ ‘ತಿಮಪ’ ಆಗುತ್ತಾನೆ, ‘ಪುಟ್ಟಮ್ಮ’ ಹೋಗಿ ‘ಪುಟಮ’ ಆಗುತ್ತಾಳೆ. ಹೆಸರಾದರೆ ಊರಿನವರು ಊಹಿಸಿಕೊಂಡಾರು. ಆದರೆ ಅದೇ ಸಂಘದ ಸದಸ್ಯರ ಪಟ್ಟಿಯಲ್ಲಿ ನಾಮಿನಿಯ ಸಂಬಂಧ ಎಂಬ ಒಂದು ಕಾಲಂ ಇತ್ತು. ಅಲ್ಲಿ ಗಂಡಸರ ಮುಂದೆಯೂ ಹೆಂಗಸರ ಮುಂದೆಯೂ ‘ಪತಿ’ ಎಂದೇ ಕಾಣುತ್ತಿತ್ತು. ಡೇಟಾಬೇಸಿನಲ್ಲಿ ‘ಪತ್ನಿ’ ಎಂದು ಸರಿಯಾಗಿಯೇ ಇತ್ತು. ನ-ಒತ್ತು ಸಾಲಿನ ಗೆರೆಯ ಕೆಳಗೆ ಸಿಕ್ಕಿಕೊಂಡು ಕಾಣದೆ ಹೋಗಿತ್ತು, ಅಷ್ಟೆ. ನಾಲ್ಕೈದು ಪಿಕ್ಸೆಲ್‌ನಲ್ಲಿ ಹೆಂಡತಿ ಗಂಡನಾಗುತ್ತಾಳೆ ಎಂದರೆ, ಅದನ್ನು ಅಂದಚೆಂದದ ವಿಷಯ ಎನ್ನಲು ಬರುವುದಿಲ್ಲ. ಮಾಹಿತಿಯೇ ತಪ್ಪಾಗುತ್ತಿದೆ.

ಒತ್ತಿನ ಕೆಳಗೆ ಮತ್ತೊಂದು ಒತ್ತು ಬರುವುದೂ ಉಂಟು: ಸ್ತ್ರೀ, ರಾಷ್ಟ್ರ, ಲಕ್ಷ್ಮಿ. ಅರ್ಕಾವತ್ತು, ದೀರ್ಘದ ಕೊಂಬು ಬಲಕ್ಕೆ ಚಾಚುತ್ತವೆ, ಗುಡಿಸು ಮೇಲಕ್ಕೆ ಏರುತ್ತದೆ. ಅಕ್ಷರ ಎಣಿಸಿ ಅಗಲ ಲೆಕ್ಕ ಹಾಕುವ ಉಪಾಯವೂ ಇಲ್ಲಿ ಕೈಕೊಡುತ್ತದೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂದು 6 ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟು. ಬರಹದ ಉದ್ದವನ್ನು ಒಂದು ಅಕ್ಷರದ ಸರಾಸರಿ ಅಗಲದಿಂದ ಗುಣಿಸಿ ಪೆಟ್ಟಿಗೆ ಮಾಡಿದರೆ ಇಲ್ಲಿ ಬೇಕಾದ್ದಕ್ಕಿಂತ ಬಹಳ ದೊಡ್ಡದಾಗುತ್ತದೆ, ಬೇರೆ ಪದಕ್ಕೆ ಸಾಲದೆ ಹೋಗುತ್ತದೆ. ಅಳೆಯಬೇಕಾದದ್ದು ಆ ಫಾಂಟಿನಲ್ಲಿ ಚಿತ್ರವಾಗಿ ಮೂಡಿದ ಆ ಪದವನ್ನೇ.

ಫಾಂಟ್ ಎಂದಾಗ ಇನ್ನೊಂದು ಮಾತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕನ್ನಡಕ್ಕೆ ಇದ್ದದ್ದು ತುಂಗಾ. 2012ರ ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕೆಂದರೆ ಕನ್ನಡದ ಹೆಚ್ಚುವರಿ ಫಾಂಟುಗಳೆಂದು ಬೇರೆಯಾಗಿ ಹಾಕಿಕೊಳ್ಳಬೇಕು. ತುಂಗಾಗೆ ಸರಿಯಾಗಿ ಪಿಕ್ಸೆಲ್ ಕೂಡಿಸಿದ ಫಾರಂ ಹೊಸ ಯಂತ್ರದಲ್ಲಿ ನಿರ್ಮಲಾದಲ್ಲಿ ತೆರೆದುಕೊಂಡಾಗ ಅಗಲವೂ ಬೇರೆ, ಎತ್ತರವೂ ಬೇರೆ. ಲಿನಕ್ಸಿಗೆ ಹೋದರೆ ಮತ್ತೊಂದು ಫಾಂಟ್. ಇನ್ನು ನೀವು ಆರಿಸಿದ್ದು ಇಂಗ್ಲಿಷ್ ಫಾಂಟಾಗಿದ್ದರೆ, ಕನ್ನಡ ಅಕ್ಷರಗಳನ್ನು ಸಿಸ್ಟಂ ಬೇರೆ ಫಾಂಟಿನಿಂದ ತಂದು ಕೂರಿಸುತ್ತದೆ. ಸಾಲಿನ ಎತ್ತರವನ್ನು ಮಾತ್ರ ಎಷ್ಟೋ ಕಡೆ ಮೊದಲಿನ ಇಂಗ್ಲಿಷ್ ಫಾಂಟಿನಿಂದಲೇ ಲೆಕ್ಕ ಹಾಕಲಾಗುತ್ತದೆ. ಒತ್ತು ಕತ್ತರಿಸಿಹೋಗಲು ಇದೂ ಒಂದು ಕಾರಣ.

ಈಗ ಪರಿಹಾರದ ಕಡೆಗೆ ಬರೋಣ. ಇದಕ್ಕೆ ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಪರಿಹಾರ ನಿಮ್ಮಲ್ಲಿ ಬಹಳ ಜನಕ್ಕಿಂತ ಹಿರಿಯದು. ಡೊನಾಲ್ಡ್ ಕ್ನೂತ್ 1978ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆ ಮಾಡಿದರು. ಅದರಲ್ಲಿ ಪುಟವೆಂದರೆ ಪೆಟ್ಟಿಗೆಗಳು, ಅವುಗಳ ನಡುವೆ ಅಂಟು. ಅಂಟಿಗೆ ಮೂರು ಗುಣ: ಸಹಜವಾದ ಅಳತೆ, ಎಷ್ಟು ಹಿಗ್ಗಬಹುದು, ಎಷ್ಟು ಕುಗ್ಗಬಹುದು. ಸ್ಟ್ಯಾನ್‌ಫರ್ಡಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇಂಟರ್‌ವ್ಯೂಸ್ ಎಂಬ ಗ್ರಾಫಿಕಲ್ ಟೂಲ್‌ಕಿಟ್ ಈ ಕಲ್ಪನೆಯನ್ನು ಪರದೆಗೆ ತಂದಿತು. ಆಮೇಲೆ ಬಂದ ಬಹುತೇಕ ಟೂಲ್‌ಕಿಟ್‌ಗಳು ಬೇರೆ ಬೇರೆ ಹೆಸರಿನಲ್ಲಿ ಇದನ್ನೇ ಮಾಡುತ್ತವೆ. ಪ್ರತಿಯೊಂದು ಬಟನ್ನೂ ಪೆಟ್ಟಿಗೆಯೂ ತನಗೆ ಕನಿಷ್ಠ ಎಷ್ಟು ಬೇಕು, ಸರಿಯಾಗಿ ಕೂರಲು ಎಷ್ಟು ಬೇಕು, ಗರಿಷ್ಠ ಎಷ್ಟು ಸಾಕು ಎಂದು ಹೇಳುತ್ತದೆ. ಹೊರಗಿನ ಪಾತ್ರೆ ಎಲ್ಲರ ಮಾತು ಕೇಳಿಸಿಕೊಂಡು ಇರುವ ಜಾಗವನ್ನು ಹಂಚುತ್ತದೆ. ಸ್ವಿಂಗ್‌ನಲ್ಲಿ ಇದು ಮಿನಿಮಂ, ಪ್ರಿಫರ್ಡ್, ಮ್ಯಾಕ್ಸಿಮಂ ಸೈಜ್. ಕ್ಯೂಟಿಯಲ್ಲಿ ಸೈಜ್‌ಹಿಂಟ್ ಮತ್ತು ಸೈಜ್ ಪಾಲಿಸಿ. 2006ರಲ್ಲಿ ಬಂದ ಡಬ್ಲ್ಯೂಪಿಎಫ್‌ನಲ್ಲಿ ಅಳೆಯುವ ಸುತ್ತು, ಕೂರಿಸುವ ಸುತ್ತು ಎಂಬ ಎರಡು ಹಂತ. ಆ್ಯಪಲ್ 2011ರಲ್ಲಿ ಮ್ಯಾಕ್‌ಗೆ ತಂದ ಆಟೋ ಲೇಔಟ್ ಈ ಮಾತುಕತೆಯನ್ನು ಸಮೀಕರಣಗಳನ್ನಾಗಿ ಮಾಡಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಸೊವರಿ ಎಂಬ ವಿಧಾನದಿಂದ ಬಿಡಿಸುತ್ತದೆ.

ಪಿಕ್ಸೆಲ್ ನಂಬಿಕೆಗೆ ಅರ್ಹವಲ್ಲ ಎಂಬುದು ಹಳಬರಿಗೂ ಗೊತ್ತಿತ್ತು. ವಿಂಡೋಸ್‌ನ ಡಯಲಾಗ್ ಪೆಟ್ಟಿಗೆಗಳಿಗೆ ಅವರು ಡಯಲಾಗ್ ಯೂನಿಟ್ ಎಂಬ ಬೇರೆ ಮಾನವನ್ನೇ ಇಟ್ಟರು: ಅಡ್ಡಕ್ಕೆ ಫಾಂಟಿನ ಸರಾಸರಿ ಅಕ್ಷರದಗಲದ ನಾಲ್ಕನೇ ಒಂದು ಭಾಗ, ಉದ್ದಕ್ಕೆ ಅಕ್ಷರದ ಎತ್ತರದ ಎಂಟನೇ ಒಂದು ಭಾಗ. ಫಾಂಟ್ ಬೆಳೆದರೆ ಪೆಟ್ಟಿಗೆಯೂ ಬೆಳೆಯಲಿ ಎಂಬುದೇ ಉದ್ದೇಶ. 1996ರಲ್ಲಿ ಜಾವಾದ ಮೊದಲ ಆವೃತ್ತಿ ಲೇಔಟ್ ಮ್ಯಾನೇಜರುಗಳ ಸಮೇತ ಬಂದದ್ದೂ, ಒಂದೇ ಪ್ರೋಗ್ರಾಂ ಸೋಲಾರಿಸ್‌ನಲ್ಲೂ ವಿಂಡೋಸ್‌ನಲ್ಲೂ ಓಡಬೇಕು, ಅಲ್ಲಿನ ಬಟನ್ನಿನ ಅಳತೆ ಇಲ್ಲಿನದಲ್ಲ ಎಂಬ ಕಾರಣಕ್ಕೇ.

ಇಷ್ಟೆಲ್ಲ ಇದ್ದೂ ನೀವು ಅಂಕಿಗೆ ಏಕೆ ಬೀಳುತ್ತೀರೆಂದು ನನಗೆ ಅರ್ಥವಾಗುತ್ತದೆ. ಲೇಔಟ್ ಮ್ಯಾನೇಜರ್ ಮೊದಲ ದಿನ ನಿಮ್ಮ ಮಾತು ಕೇಳುವುದಿಲ್ಲ. ಕೇಳದೆ ಇರಲು ಅದಕ್ಕೆ ಕಾರಣವಿದೆ, ಆ ಕಾರಣವನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ಹಾಗಾಗಿ ಹೆಚ್ಚಾಗಿ ಕಾಡುವ ಕೆಲವನ್ನು ಇಲ್ಲಿಯೇ ಬಿಡಿಸಿಡುತ್ತೇನೆ.

ಗ್ರಿಡ್‌ಬ್ಯಾಗ್‌ಲೇಔಟಿನಲ್ಲಿ ಎಲ್ಲವೂ ನಡುವಿನಲ್ಲಿ ಮುದುಡಿಕೊಂಡು ಕೂತಿದ್ದರೆ, ನೀವು ಯಾವುದಕ್ಕೂ ವೆಯ್ಟ್ ಕೊಟ್ಟಿಲ್ಲ ಎಂದರ್ಥ. ವೆಯ್ಟ್ ಸೊನ್ನೆಯಾದರೆ ಹೆಚ್ಚುವರಿ ಜಾಗ ಯಾರಿಗೂ ಹೋಗದೆ ಸುತ್ತ ಉಳಿಯುತ್ತದೆ. ಟಿಕಿಂಟರಿನ ಗ್ರಿಡ್‌ನಲ್ಲೂ ಇದೇ ಕಥೆ: ಸಾಲು ಕಾಲಮುಗಳ ವೆಯ್ಟ್ ತಾನಾಗಿ ಸೊನ್ನೆ, ಆದ್ದರಿಂದ ವಿಂಡೋ ಎಳೆದರೂ ಒಳಗಿನದು ಬೆಳೆಯುವುದಿಲ್ಲ. ಹಿಗ್ಗಬೇಕಾದ ಕಾಲಮಿಗೆ ವೆಯ್ಟ್ ಕೊಡಿ, ಪೆಟ್ಟಿಗೆಗೆ ಫಿಲ್ ಅಥವಾ ಸ್ಟಿಕಿ ಕೊಡಿ. ವೆಯ್ಟ್ ಎಂದರೆ ಜಾಗ ಯಾರಿಗೆ ಎಂಬ ಪ್ರಶ್ನೆ, ಫಿಲ್ ಎಂದರೆ ಬಂದ ಜಾಗವನ್ನು ತುಂಬಬೇಕೇ ಎಂಬ ಪ್ರಶ್ನೆ. ಎರಡಕ್ಕೂ ಉತ್ತರ ಬೇಕು.

ಅದೇ ಗ್ರಿಡ್‌ಬ್ಯಾಗ್‌ನಲ್ಲಿ ವಿಂಡೋ ಒಂದಿಷ್ಟು ಕಿರಿದಾದ ಕೂಡಲೇ ಬರೆಯುವ ಪೆಟ್ಟಿಗೆ ಕಡ್ಡಿಯಷ್ಟಾಗಿ ಮುದುಡುವುದನ್ನು ಕಂಡಿರುತ್ತೀರಿ. ಕೇಳಿದಷ್ಟು ಜಾಗ ಸಿಗದಿದ್ದಾಗ ಅದು ಸ್ವಲ್ಪ ಸ್ವಲ್ಪವೇ ಕುಗ್ಗಿಸುವುದಿಲ್ಲ. ಎಲ್ಲರನ್ನೂ ಪ್ರಿಫರ್ಡ್‌ನಿಂದ ಮಿನಿಮಂಗೆ ಒಂದೇ ಸಲ ಇಳಿಸಿಬಿಡುತ್ತದೆ. ಪೆಟ್ಟಿಗೆಗೆ ಕಾಲಂ ಸಂಖ್ಯೆ ಕೊಡಿ, ಅದರ ಕಾಲಮಿಗೆ ವೆಯ್ಟ್ ಕೊಡಿ, ಮಿನಿಮಂ ಅಳತೆಯನ್ನು ಪ್ರಿಫರ್ಡ್‌ನಿಂದಲೇ ಪಡೆಯುವಂತೆ ಮಾಡಿ.

ಬಾಕ್ಸ್‌ಲೇಔಟಿನಲ್ಲಿ ಒಂದೇ ಸಾಲಿನ ಪೆಟ್ಟಿಗೆ ಗೋಡೆಯಷ್ಟು ಎತ್ತರ ಬೆಳೆದರೆ, ಬಾಕ್ಸ್‌ಲೇಔಟ್ ಮ್ಯಾಕ್ಸಿಮಂ ಸೈಜಿಗೆ ಮರ್ಯಾದೆ ಕೊಡುತ್ತದೆ, ಜೆಟೆಕ್ಸ್ಟ್‌ಫೀಲ್ಡ್‌ನ ಮ್ಯಾಕ್ಸಿಮಂಗೆ ಮಿತಿಯೇ ಇಲ್ಲದಂತಿರುತ್ತದೆ ಎಂಬುದು ಕಾರಣ. ಫಾರಂನ ಭಾಗವನ್ನು ಬಾರ್ಡರ್‌ಲೇಔಟಿನ ಉತ್ತರಕ್ಕೆ ಕೂರಿಸಿ; ಅಲ್ಲಿ ಎತ್ತರ ಪ್ರಿಫರ್ಡ್‌ನಲ್ಲೇ ನಿಲ್ಲುತ್ತದೆ. ಡಬ್ಲ್ಯೂಪಿಎಫ್‌ನಲ್ಲಿ ಸ್ಟ್ಯಾಕ್‌ಪ್ಯಾನೆಲ್ ಒಳಗೆ ಇಟ್ಟ ಪಟ್ಟಿ ಸ್ಕ್ರೋಲ್ ಆಗುವುದಿಲ್ಲವೆಂದು ಗೋಳಾಡುವವರಿಗೂ ಇಂಥದ್ದೇ ಉತ್ತರ. ಸ್ಟ್ಯಾಕ್‌ಪ್ಯಾನೆಲ್ ತಾನು ಪೇರಿಸುವ ದಿಕ್ಕಿನಲ್ಲಿ ಮಕ್ಕಳಿಗೆ ಅನಂತ ಜಾಗವಿದೆ ಎಂದೇ ಹೇಳುತ್ತದೆ. ಅನಂತ ಜಾಗ ಸಿಕ್ಕ ಪಟ್ಟಿ ಸ್ಕ್ರೋಲ್ ಏಕೆ ಮಾಡೀತು? ಅದನ್ನು ಗ್ರಿಡ್‌ನ ನಕ್ಷತ್ರದ ಸಾಲಿಗೆ ಎತ್ತಿಡಿ. ಇನ್ನು, ತೋರಿಸುವ ಮೊದಲೇ ವಿಂಡೋದ ಅಗಲ ಕೇಳಿದರೆ ಸ್ವಿಂಗ್ ಸೊನ್ನೆ ಎನ್ನುತ್ತದೆ. ಜೆಫ್ರೇಮ್‌ಗೆ 400×300 ಎಂದು ಕೊಟ್ಟರೆ ಶೀರ್ಷಿಕೆಪಟ್ಟಿ, ಅಂಚು ಎಲ್ಲ ಅದರೊಳಗೇ ಸೇರುತ್ತವೆ. ಪ್ಯಾಕ್ ಎಂದು ಕರೆದು ಒಳಗಿನವರಿಂದಲೇ ಅಳತೆ ಕೇಳಿಸಿಕೊಂಡರೆ ಈ ಲೆಕ್ಕಗಳೇ ಬೇಕಿಲ್ಲ.

ಕೊನೆಯದು, ನಮಗೆ ಹೆಚ್ಚು ಹತ್ತಿರದ್ದು. ಸಾಲು ಮುರಿಯುವ ಬರಹಕ್ಕೆ ಅಗಲ ಗೊತ್ತಾಗುವ ತನಕ ಎತ್ತರ ಗೊತ್ತಾಗುವುದಿಲ್ಲ. 2011ರ ಜಿಟಿಕೆ 3 ಇದಕ್ಕೆಂದೇ ಅಗಲ ಕೊಟ್ಟು ಎತ್ತರ ಕೇಳುವ ವ್ಯವಸ್ಥೆ ತಂದಿತು. ಕ್ಯೂಟಿಯಲ್ಲೂ ಹೈಟ್‌ಫಾರ್‌ವಿಡ್ತ್ ಇದೆ. ಇಂಗ್ಲಿಷಿನಲ್ಲಿ ಪದಗಳು ಗಿಡ್ಡ, ನಡುವೆ ಜಾಗ ಹೆಚ್ಚು, ಎಲ್ಲಿ ಬೇಕಾದರೂ ಮುರಿಯಬಹುದು. ನಾವೋ ವಿಭಕ್ತಿ, ಸಂಧಿ, ಸಹಾಯಕ ಕ್ರಿಯೆ ಎಲ್ಲವನ್ನೂ ಒಂದರ ಬೆನ್ನಿಗೊಂದು ಹೊಸೆದು ‘ಅನುಮೋದಿಸಬೇಕಾಗಿರುತ್ತದೆ’, ‘ದೃಢೀಕರಿಸಲಾಗುವುದಿಲ್ಲ’ ಎಂದು ಬರೆಯುವವರು. ಇಡೀ ಪದ ಹಿಡಿಸುವಷ್ಟು ಅಗಲ ಇಲ್ಲದ ಪೆಟ್ಟಿಗೆಯಲ್ಲಿ ಅದು ಮುರಿಯುವುದೂ ಇಲ್ಲ, ಕೂರುವುದೂ ಇಲ್ಲ, ಬಾಲ ಕಳೆದುಕೊಳ್ಳುತ್ತದೆ. ಆ ಬಾಲದಲ್ಲೇ ‘ಇಲ್ಲ’ ಇರುತ್ತದೆ ಎಂಬುದನ್ನು ನೆನಪಿಡಿ. ಸಂದೇಶದ ಪೆಟ್ಟಿಗೆಯ ಬಲಗಡೆ ಎರಡಕ್ಷರ ಕತ್ತರಿಸಿಹೋದರೆ ನಿರಾಕರಣೆ ಒಪ್ಪಿಗೆಯಂತೆ ಓದಿಸಿಕೊಳ್ಳಬಹುದು.

ಇಂಥ ಯಾವುದಾದರೂ ಒಂದು ಕಾಡಿದಾಗ ಎಲ್ಲರೂ ಹುಡುಕಿಕೊಳ್ಳುವ ಅಡ್ಡದಾರಿ ಸೆಟ್‌ಪ್ರಿಫರ್ಡ್‌ಸೈಜ್. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ: ಕೂರಲು ಬರುವವರು ಒಬ್ಬರೋ ಇಬ್ಬರೋ ತಿಳಿಯದೆ ಜಾಗ ಮಾತ್ರ ಹಿಡಿದಿಟ್ಟಿರುತ್ತೀರಿ. ಬಟನ್ನು ತನ್ನ ಬರಹ, ತನ್ನ ಫಾಂಟು, ತನ್ನ ಅಂಚು ಎಲ್ಲ ಕೂಡಿಸಿ ಸರಿಯಾಗಿ ಹೇಳುತ್ತಿದ್ದ ಉತ್ತರವನ್ನು ನೀವು ತಡೆದು, ಅದರ ಬದಲು 80×25 ಎಂದು ಹೇಳುತ್ತೀರಿ. ಅಲ್ಲಿಂದ ಮುಂದೆ ಫಾಂಟ್ ಬದಲಾದರೂ ಭಾಷೆ ಬದಲಾದರೂ ಅದು 80×25. ಡಾಟ್‌ನೆಟ್ ಕೋರ್ 3.0 ಬಂದಾಗ ವಿಂಡೋಸ್ ಫಾರ್ಮ್ಸ್‌ನ ಮೂಲ ಫಾಂಟು 8.25 ಪಾಯಿಂಟಿನ ಮೈಕ್ರೋಸಾಫ್ಟ್ ಸ್ಯಾನ್ಸ್ ಸೆರಿಫ್‌ನಿಂದ 9 ಪಾಯಿಂಟಿನ ಸಿಗೋ ಯುಐಗೆ ಬದಲಾಯಿತು. ಕೋಡಿನಲ್ಲಿ ಒಂದು ಸಾಲೂ ಮುಟ್ಟದೆ ಹೊಸ ಆವೃತ್ತಿಗೆ ಏರಿಸಿದ ಹಳೆಯ ಫಾರಂಗಳ ಅಳತೆ ಕದಲಿತು. ಆಟೋಸೈಜ್, ಟೇಬಲ್‌ಲೇಔಟ್‌ಪ್ಯಾನೆಲ್, ಡಾಕ್ ಬಳಸಿ ಕಟ್ಟಿದವುಗಳಿಗೆ ಅಂಥ ಬದಲಾವಣೆಯನ್ನು ತಡೆದುಕೊಳ್ಳುವ ಶಕ್ತಿ ಮೊದಲೇ ಇರುತ್ತದೆ.

ಕೆಲವರು ನನಗೆ ಉತ್ತರ ಕೊಡುತ್ತಾರೆ. “ಡೆಸ್ಕ್‌ಟಾಪ್ ಕಾಲ ಮುಗಿಯಿತು ಸರ್, ಎಲ್ಲ ವೆಬ್ ಆಗಿದೆ.” ಕೌಂಟರುಗಳಿಗೆ ಹೋಗಿ ನೋಡಿ. ಪಾಸ್‌ಬುಕ್ ಪ್ರಿಂಟರ್, ತೂಕದ ಯಂತ್ರ, ಬೆರಳಚ್ಚಿನ ಸಾಧನ ಹಚ್ಚಿಕೊಂಡು, ಇಂಟರ್‌ನೆಟ್ ಹೋದಾಗಲೂ ನಡೆಯಬೇಕಾದ ಕೆಲಸ ಇನ್ನೂ ಡೆಸ್ಕ್‌ಟಾಪಿನಲ್ಲೇ ನಡೆಯುತ್ತಿದೆ. ವೆಬ್‌ಗೆ ಹೋದರೂ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದು, ಮಿಕ್ಕಿದ್ದನ್ನು ಅಡಗಿಸು ಎಂದು ಬರೆದರೆ ಒತ್ತು ಅಲ್ಲೂ ಕತ್ತರಿಸುತ್ತದೆ. “ಫಾಂಟ್ ಸಣ್ಣದು ಮಾಡಿದರಾಯಿತು” ಎನ್ನುವವರಿದ್ದಾರೆ. ದೊಡ್ಡ ಅಕ್ಷರ ಬೇಕೆಂದು ಸ್ಕೇಲಿಂಗ್ ಏರಿಸಿಕೊಂಡವರಿಗೆ ಸಣ್ಣ ಅಕ್ಷರ ಕೊಡುವುದು ಪರಿಹಾರವಾಗಲಾರದು. “ಗಿರಾಕಿ ಕೇಳಿಲ್ಲ” ಎಂಬುದು ಮೂರನೆಯದು. ಗಿರಾಕಿ ಕೇಳುವುದಿಲ್ಲ, ಚೀಟಿ ಅಂಟಿಸಿಕೊಳ್ಳುತ್ತಾರೆ. “ಸಮಯವಿಲ್ಲ” ಎಂಬುದಕ್ಕೆ ಮಾತ್ರ ನನ್ನ ಸಹಾನುಭೂತಿಯಿದೆ. ಆದರೆ ಅಂಕಿ ಹಾಕಿ ಕಟ್ಟಿದ ಫಾರಂಗೆ ಒಂದು ಹೊಸ ಪೆಟ್ಟಿಗೆ ಸೇರಿಸಬೇಕಾದಾಗ ಕೆಳಗಿನ ಎಲ್ಲವನ್ನೂ ಒಂದೊಂದಾಗಿ ಸರಿಸಬೇಕು. ಸರಿಯಾದ ಲೇಔಟ್ ಇದ್ದರೆ ಒಂದು ಸಾಲು ಸೇರಿಸಿದರೆ ಸಾಕು. ಆ ಸಮಯ ನಿಮ್ಮದೇ.

ನಿಮ್ಮಲ್ಲಿ ನನ್ನ ಕೋರಿಕೆಗಳು ಇವು:

1. ನಲ್ ಲೇಔಟ್, ಸೆಟ್‌ಬೌಂಡ್ಸ್, ಪ್ಲೇಸ್ ಇವುಗಳಿಂದ ಫಾರಂ ಕಟ್ಟಬೇಡಿ. ಡ್ರ್ಯಾಗ್ ಮಾಡಿ ಕೂರಿಸುವ ಡಿಸೈನರ್ ಬಳಸಿದರೂ ಮೊದಲು ಲೇಔಟ್ ಪಾತ್ರೆ ಹಾಕಿ, ಆಮೇಲೆ ಅದರೊಳಗೆ ಬಟನ್ ಇಡಿ.

2. ಅಳತೆ ಹೇಳಲೇಬೇಕಾದ ಕಡೆ ಫಾಂಟಿನಿಂದ ಹೇಳಿ. ಕೋಷ್ಟಕದ ಸಾಲಿನ ಎತ್ತರವನ್ನು ಕನ್ನಡ ತೋರಿಸುವ ಫಾಂಟಿನ ಮೆಟ್ರಿಕ್ಸ್‌ನಿಂದ ಲೆಕ್ಕ ಹಾಕಿ, ಮೇಲೆ ಕೆಳಗೆ ಒಂದಿಷ್ಟು ಬಿಡಿ. ಕನ್ನಡ ಫಾಂಟ್ ಯಾವುದೆಂದು ಸ್ಪಷ್ಟವಾಗಿ ಹೆಸರಿಸಿ. ಸಿಸ್ಟಂ ಹುಡುಕಿಕೊಳ್ಳಲಿ ಎಂದು ಬಿಡಬೇಡಿ.

3. ಉಳಿಸಿ, ರದ್ದು ಮೊದಲಾದ ಬಟನ್ನುಗಳನ್ನು ವಿಂಡೋದ ತಳದಲ್ಲಿ, ಸ್ಕ್ರೋಲ್ ಆಗುವ ಭಾಗದ ಹೊರಗೆ ಇಡಿ. ಫಾರಂ ಎಷ್ಟು ಉದ್ದವಾದರೂ ಸ್ಕ್ರೋಲ್ ಒಳಗೆ ಬೆಳೆಯಲಿ.

4. ಪ್ಯಾಕ್ ಮಾಡಿದ ಮೇಲೆ, ಟಾಸ್ಕ್‌ಬಾರ್ ಕಳೆದು ಪರದೆಯಲ್ಲಿ ಉಳಿಯುವ ಜಾಗ ಎಷ್ಟೆಂದು ಕೇಳಿ. ವಿಂಡೋ ಅದನ್ನು ಮೀರದಂತೆ ನೋಡಿಕೊಳ್ಳಿ. ಗಾತ್ರ ಬದಲಿಸುವ ಹಕ್ಕನ್ನು ಬಳಕೆದಾರರಿಂದ ಕಸಿಯಬೇಡಿ.

5. ‘ಎಬಿಸಿ’, ‘ಟೆಸ್ಟ್’ ಎಂದು ತುಂಬಿ ಪರೀಕ್ಷೆ ಮುಗಿಸಬೇಡಿ. ಲಕ್ಷ್ಮಮ್ಮ, ಕೃಷ್ಣಪ್ಪ, ಸ್ತ್ರೀಶಕ್ತಿ, ಪತ್ನಿ, ರಾಷ್ಟ್ರೀಕೃತ ಎಂದು ತುಂಬಿ. ಊರು ಎಂಬಲ್ಲಿ ಚಿಕ್ಕಬಳ್ಳಾಪುರ ಹಿಡಿಯುತ್ತದೆಯೇ ನೋಡಿ.

6. 1366×768ರಲ್ಲಿ 100, 125, 150 ಈ ಮೂರೂ ಸ್ಕೇಲಿಂಗಿನಲ್ಲಿ ಪ್ರತಿ ಫಾರಂ ತೆರೆದು ನೋಡಿ. 125ರಲ್ಲಿ ಆ ಪರದೆಯ ಎತ್ತರ ನಿಮ್ಮ ಲೆಕ್ಕಕ್ಕೆ ಬರೀ 614. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಸಾಕು.

7. ಅನುವಾದ ಬರುವ ಮೊದಲೇ ಹುಸಿ ಅನುವಾದದಲ್ಲಿ ಓಡಿಸಿ: ಪ್ರತಿ ಬರಹದ ಎರಡೂ ತುದಿಗೆ ಚೌಕ ಕಂಸ ಹಾಕಿ, ನಡುವೆ ಒತ್ತಕ್ಷರ ತುಂಬಿ ಉದ್ದ ಮಾಡಿ. ಕೊನೆಯ ಕಂಸ ಕಾಣದ ಕಡೆ ಪೆಟ್ಟಿಗೆ ಕತ್ತರಿಸುತ್ತಿದೆ ಎಂದು ತಿಳಿಯಿರಿ. ಮೈಕ್ರೋಸಾಫ್ಟ್‌ನಂಥ ದೊಡ್ಡ ಕಂಪನಿಯೂ ವಿಂಡೋಸನ್ನು ಹೀಗೆ ಪರೀಕ್ಷಿಸುತ್ತ ಬಂದಿದೆ. ಇಂಗ್ಲಿಷಿನ 10 ಅಕ್ಷರದೊಳಗಿನ ಚಿಕ್ಕ ಬರಹ ಯುರೋಪಿನ ಬೇರೆ ಭಾಷೆಗಳಿಗೆ ಹೋದಾಗ ಎರಡರಿಂದ ಮೂರು ಪಟ್ಟು ಜಾಗ ಬೇಡಬಹುದೆಂದು ಐಬಿಎಂನ ಮಾರ್ಗಸೂಚಿ ಹೇಳುತ್ತದೆ. ನಾವೂ ಅಷ್ಟನ್ನು ಲೆಕ್ಕಕ್ಕಿಟ್ಟುಕೊಳ್ಳುವುದು ಕ್ಷೇಮ.

ನಿಮ್ಮಲ್ಲಿ ಹಲವರು ಇನ್ನು ಕೆಲವೇ ವರ್ಷಗಳಲ್ಲಿ ತಂಡ ನಡೆಸುವವರಾಗುತ್ತೀರಿ, ಕೋಡು ಒಪ್ಪಿಕೊಳ್ಳುವ ಅಥವಾ ತಿರುಗಿ ಕಳಿಸುವ ಅಧಿಕಾರ ನಿಮ್ಮ ಕೈಗೆ ಬರುತ್ತದೆ. ಆಗ ಈ ಏಳನ್ನು ಪರಿಶೀಲನೆಯ ಪಟ್ಟಿಗೆ ಸೇರಿಸಿ. ಸೆಟ್‌ಪ್ರಿಫರ್ಡ್‌ಸೈಜ್ ಕಂಡ ಕಡೆಯೆಲ್ಲ, “ಈ ಅಂಕಿ ಎಲ್ಲಿಂದ ಬಂತು?” ಎಂದು ಕೇಳಿ. ಉತ್ತರ “ನನ್ನ ಸ್ಕ್ರೀನಿನಲ್ಲಿ ಸರಿ ಕಂಡಿತು” ಎಂದಾದರೆ, ಬೈಯದೆ, ಅವಮಾನಿಸದೆ, ಕಾರಣ ತಿಳಿಸಿ ಆ ಕೋಡನ್ನು ಹಿಂದಕ್ಕೆ ಕಳಿಸಿ.

ಇದನ್ನು ಓದಿದ ವಾರದಲ್ಲೇ ಒಂದು ಕೆಲಸ ಮಾಡಿ. ಈಗಾಗಲೇ ನೀವು ಬರೆದು ಕೊಟ್ಟಿರುವ ತಂತ್ರಾಂಶದಲ್ಲಿ ಹೆಚ್ಚು ಜನ ಬಳಸುವ ಒಂದು ಫಾರಂ ಆರಿಸಿಕೊಳ್ಳಿ. 125%ರಲ್ಲಿ ತೆರೆದು, ಮೇಲೆ ಹೇಳಿದ ಹೆಸರುಗಳನ್ನು ತುಂಬಿ, ಏನೇನು ಕತ್ತರಿಸಿಹೋಗಿದೆ ಎಂದು ಬರೆದುಕೊಳ್ಳಿ. ಆ ಒಂದು ಫಾರಂ ಸರಿ ಮಾಡಿ ಗಿರಾಕಿಗೆ ಕಳಿಸಿ. ಅವರು ಕೇಳದೆಯೇ ಕಳಿಸಿ.

ಗೌರವದೊಂದಿಗೆ,

ಇಂತಿ ನಿಮ್ಮ ವಿಶ್ವಾಸಿ,
ತಂತ್ರಾಂಶ ನಿರ್ವಹಣೆಯ ಕೆಲಸದಲ್ಲಿರುವ ಒಬ್ಬ ಹಿರಿಯ ಸಹೋದ್ಯೋಗಿ